ಕೃಷ್ಣಾ ತೀರದ ನೀರಾವರಿ ತಂತ್ರಜ್ಞಾನ ಮತ್ತು ಮುಳುಗಡೆಯ ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಬದುಕನ್ನು ಕಳೆದ ಕೆಲವು ದಶಕಗಳಲ್ಲಿ ಬುಡಮೇಲು ಮಾಡಿದ್ದು ನದಿಯನ್ನು ತಡೆದು ನಿಲ್ಲಿಸುವ, ನೀರನ್ನು ಎತ್ತಿ ಹಾಯಿಸುವ ತಂತ್ರಜ್ಞಾನ. ಈ ಸೀಮೆಯ ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ಘಟಪ್ರಭೆ ಹರಿಯುತ್ತವೆ. ಎರಡೂ ಕೂಡುವುದು ಚಿಕ್ಕಸಂಗಮದಲ್ಲಿ. ಮಳೆ ಮಾತ್ರ ಕಡಿಮೆ. ಹಾಗಾಗಿ ಅಣೆಕಟ್ಟೇ ಬೇಡ ಎಂಬ ಮಾತು ಇಲ್ಲಿ ಅಪರೂಪ. ಅದು ಎಷ್ಟು ಎತ್ತರವಿರಬೇಕು, ಯಾರ ಹೊಲಕ್ಕೆ ನೀರು, ಯಾರ ಮನೆಗೆ ಮುಳುಗಡೆ, ಆ ಲೆಕ್ಕ ಹಾಕುವವರು ಯಾರು ಎಂಬುದರ ಸುತ್ತಲೇ ಎಲ್ಲ ತಕರಾರು.

ರೈತರ ಬ್ಯಾರೇಜ್: ಬೇಸಿಗೆ ಬಂತೆಂದರೆ ಕೃಷ್ಣೆ ಬತ್ತಿ, ದಂಡೆಯ ಹೊಲಗಳೂ ಒಣಗುತ್ತಿದ್ದ ಕಾಲವದು. ಸರ್ಕಾರದ ದಾರಿ ಕಾಯುತ್ತ ಕೂರದೆ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ವಂತಿಗೆ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ನದಿಗೆ ಅಡ್ಡಲಾಗಿ ಬ್ಯಾರೇಜ್ ನಿಲ್ಲಿಸಿದರು. ‘ಶ್ರಮಬಿಂದು ಸಾಗರ’ ಎಂಬ ಅದರ ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ. ‘ಬ್ಯಾರೇಜ್ ಸಿದ್ದು’ ಎಂದೇ ಮನೆಮಾತಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಬ್ಯಾರೇಜಿನ ಗೇಟು ಹಾಕುವುದು, ತೆಗೆಯುವುದು, ರಿಪೇರಿ ಎಲ್ಲವೂ ಊರವರ ಕೈಯಲ್ಲೇ ಉಳಿದ ತಂತ್ರಜ್ಞಾನವಿದು. ಮುಂದೆ ನದಿಯ ಕೆಳಭಾಗದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಸಮೀಪಕ್ಕೆ ಬಂದಾಗ ಬೇಸಿಗೆಯಲ್ಲಿ ಪಂಪ್‌ಸೆಟ್ ಕೂಡಿಸಿ, ಆ ನೀರನ್ನು ನದಿಯ ಹರಿವಿಗೆ ಎದುರಾಗಿ ಎತ್ತಿ ಬ್ಯಾರೇಜ್ ತುಂಬಿಸುವ ಸಾಹಸವನ್ನೂ ಈ ರೈತರು ಮಾಡಿದ್ದಾರೆ.

ಇಷ್ಟಾಗಿಯೂ ಈ ಬ್ಯಾರೇಜನ್ನು ಬರೀ ಹೊಗಳಿ ಮುಗಿಸಿದರೆ ಅರ್ಧ ಮಾತು ಆಡಿದಂತೆ. ನಿಂತ ನೀರಿನ ಹೆಚ್ಚು ಪಾಲು ಸಿಕ್ಕುವುದು ಮೋಟಾರು, ಪೈಪ್‌ಲೈನಿಗೆ ದುಡ್ಡು ಹೂಡಬಲ್ಲ ಹಿಡುವಳಿದಾರನಿಗೆ. ಬುಟ್ಟಿ ಹೊತ್ತು ಶ್ರಮದಾನ ಮಾಡಿದ ಕೂಲಿಕಾರನಿಗೆ ಅದರಿಂದ ಬಂದದ್ದು ಕಬ್ಬಿನ ಹೊಲದ ಕೂಲಿ.

ಆಲಮಟ್ಟಿಯ ಎತ್ತರ: ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದೂರ್ ಶಾಸ್ತ್ರಿ ಸಾಗರವೆಂದು ಹೆಸರಾದ ಈ ಜಲಾಶಯವನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಈಗ ನೀರು ನಿಲ್ಲಿಸುತ್ತಿರುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಅಡಿ. 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು ಈ ಮಟ್ಟವನ್ನೇ. 2010ರ ಡಿಸೆಂಬರಿನಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ತಡೆ ನೀಡಿತು.

ಎರಡು ಮಟ್ಟಗಳ ನಡುವೆ ಇರುವುದು ಐದು ಮೀಟರಿಗೂ ಕಡಿಮೆ. ಕಾಗದದ ಮೇಲೆ ಅದೊಂದು ಗೆರೆ. ಸಪಾಟಾದ ನದಿ ಬಯಲಲ್ಲಿ ಅದು 75,563 ಎಕರೆಯ ಮುಳುಗಡೆ. ಗೆರೆಯ ಕೆಳಗಿರುವ ಹೊಲ ಎಂದರೆ ಗೊಬ್ಬರವಿಲ್ಲದೆಯೂ ಹಿಂಗಾರಿ ಬಿಳಿಜೋಳ ಬೆಳೆಯುವ ಎರೆಭೂಮಿ. ಹೊಲ ಹೋಗಿ ಮನೆ ಉಳಿದವರಿದ್ದಾರೆ. ಮನೆ ಹೋಗಿ, ಹೊಲ ಮೈಲು ದೂರವಾದವರೂ ಇದ್ದಾರೆ. ಗೆರೆಗೆ ತುಸು ಮೇಲಿರುವ ಮನೆಗೆ ಪರಿಹಾರವಿಲ್ಲ, ಸದಾ ತೇವದ ಗೋಡೆ ಮತ್ತು ಹಾವಿನ ಕಾಟ ಉಂಟು. ಎಂಜಿನಿಯರಿಂಗ್‌ಗೆ ಗೆರೆ ಬೇಕು, ನಿಜ. ನೀರು ಮಾತ್ರ ಗೆರೆ ನೋಡಿ ಜಿನುಗುವುದಿಲ್ಲ.

ಈ ಎತ್ತರವನ್ನೇ ನಂಬಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ ಅಡಿಯ ಬಹುಪಾಲು ಹೋಗುವುದು ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಗೆ. ಬರದಲ್ಲೇ ಬೆಂದ ಆ ಜಿಲ್ಲೆಗಳಿಗೆ ನೀರು ಬೇಡವೆನ್ನಲು ಬೀಳಗಿಯ ಮುಳುಗಡೆ ಸಂತ್ರಸ್ತನಿಗೂ ಬಾಯಿ ಬಾರದು. ಹೆರಕಲ್ ಏತ ನೀರಾವರಿಯಂಥ ಯೋಜನೆಗಳಿಂದ ಈ ಭಾಗಕ್ಕೂ ನೀರುಂಟು. ಆದರೆ ಕಳೆದುಕೊಳ್ಳುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಇರುವಾಗ ‘ಲೋಕಹಿತ’ವೆಂಬ ಮಾತು ಮುಳುಗುವವನ ಕಿವಿಗೆ ಬೇರೆಯದೇ ಆಗಿ ಕೇಳುತ್ತದೆ.

ಪರಿಹಾರ: 1990ರ ದಶಕದಲ್ಲಿ ಪುನರ್ವಸತಿ ಹಿಂದೆ ಬಿದ್ದಿದೆಯೆಂದು ಸಾಲ ಕೊಟ್ಟ ವಿಶ್ವಬ್ಯಾಂಕೇ ಹಣ ತಡೆಹಿಡಿದಿತ್ತು. 1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ 2013ರ ಹೊಸ ಕಾಯ್ದೆ ಬಂದಮೇಲೆ ಸಾಮಾಜಿಕ ಪರಿಣಾಮದ ಅಧ್ಯಯನ, ಪುನರ್ವಸತಿ ಎರಡೂ ಕಾನೂನಿನ ಭಾಗವಾದವು. ಹೆಚ್ಚಿನ ಪರಿಹಾರ ಕೇಳಿ ಸಾವಿರಾರು ಪ್ರಕರಣಗಳು ಕೋರ್ಟು ಹತ್ತಿದವು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ನಿಗದಿ ಮಾಡಿತು. ದರದ ಚರ್ಚೆಯಲ್ಲಿ ಮರೆಗೆ ಸರಿದವರು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲದವರು: ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕಿಕೊಂಡವರು, ಕೂಲಿಕಾರರು, ಹೊಳೆಯನ್ನೇ ನಂಬಿದ ಅಂಬಿಗರು, ಗಂಡನ ಹೆಸರಿನ ಹೊಲದಲ್ಲಿ ದುಡಿದು ಸವೆದ ಹೆಂಗಸರು. ಎಕರೆಯಲ್ಲಿ ಅಳೆಯುವ ಪರಿಹಾರಕ್ಕೆ ಇವರು ಕಾಣುವುದು ಕಷ್ಟ.

ಮಹಾಪೂರ ಮತ್ತು ವರದಿ: 2005 ಮತ್ತು 2019ರಲ್ಲಿ ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳು ಜಲಾವೃತವಾದಾಗ ಮಹಾರಾಷ್ಟ್ರದ ಬೆರಳು ಆಲಮಟ್ಟಿಯ ಹಿನ್ನೀರಿನತ್ತ ತಿರುಗಿತು. ಆದರೆ ಆ ರಾಜ್ಯವೇ ನೇಮಿಸಿದ ನಂದಕುಮಾರ್ ವಡನೇರೆ ಸಮಿತಿ, 2019ರ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ವರದಿ ಬಂದರೂ ವಿರೋಧ ನಿಲ್ಲಲಿಲ್ಲ. ಎತ್ತರ ಹೆಚ್ಚಿಸುವುದಕ್ಕೆ ಆ ರಾಜ್ಯ ಈಗಲೂ ಅಡ್ಡಗಾಲು ಹಾಕುತ್ತಿದೆ. ತಜ್ಞರ ಮಾತು ತಮಗೆ ಒಪ್ಪಿತವಾದಾಗಷ್ಟೇ ವಿಜ್ಞಾನ ಎನಿಸಿಕೊಳ್ಳುವ ರೂಢಿ ಯಾವುದೋ ಒಂದು ರಾಜ್ಯದ ಸ್ವತ್ತಲ್ಲ. ಅದೇ 2019ರ ಆಗಸ್ಟಿನಲ್ಲಿ ಕೃಷ್ಣೆ ಜಮಖಂಡಿಯ ಊರುಗಳಿಗೂ, ಘಟಪ್ರಭೆ ಮುಧೋಳದ ಊರುಗಳಿಗೂ ನುಗ್ಗಿದ್ದವು. ಯಾವ ಗೇಟನ್ನು ಎಷ್ಟು ಹೊತ್ತಿಗೆ ತೆರೆಯಬೇಕೆಂಬುದು ನದಿಯ ಉದ್ದಕ್ಕೂ ಜೀವದ ಪ್ರಶ್ನೆ. ಮೇಲೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು, ನಡುವೆ ಹಿಪ್ಪರಗಿ ಬ್ಯಾರೇಜ್, ಕೆಳಗೆ ಆಲಮಟ್ಟಿ: ಇವುಗಳ ಒಳಹರಿವು, ಹೊರಹರಿವಿನ ಅಂಕಿಗಳು ಎರಡೂ ರಾಜ್ಯಗಳ ನಡುವೆ ಹೊತ್ತಿಗೆ ಸರಿಯಾಗಿ ದಾಟಬೇಕು. ಹೊಳೆದಂಡೆಯ ಊರಿನವರು ಮೊದಲು ಕೇಳುವುದು ‘ಮ್ಯಾಲಿಂದ ಎಷ್ಟು ಬಿಟ್ಟಾರ?’ ಎಂದು.

ಕಬ್ಬು ಮತ್ತು ಸವಳು: ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರ್ಖಾನೆಗಳು ಬಂದವು. ಸಮೀರವಾಡಿ, ಮುಧೋಳ, ಹಿರೇಪಡಸಲಗಿಯ ಕಾರ್ಖಾನೆಗಳು ಇಲ್ಲಿನ ಆರ್ಥಿಕತೆಯ ಕಂಬಗಳು. ಈಗ ಎಥನಾಲ್ ಕೂಡ ಆದಾಯದ ದಾರಿ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದನ್ನು ತಡೆದಾಗ, ಬೆಳೆ ಊಟಕ್ಕೋ ವಾಹನಕ್ಕೋ ಎಂಬ ದೊಡ್ಡ ಚರ್ಚೆಯ ಬಿಸಿ ಈ ಹೊಲಗಳಿಗೂ ತಟ್ಟಿತು.

ಮಣ್ಣಿನ ಬಾಧೆ ಇದಕ್ಕಿಂತ ಹಳೆಯದು. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವಿಡೀ ಕಬ್ಬಿಗೆ ಹರಿನೀರು ಕಟ್ಟಿದರೆ ಅಂತರ್ಜಲ ಮೇಲೇರುತ್ತದೆ, ಅದರೊಂದಿಗೆ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಮಣ್ಣಿನ ಮೈಮೇಲೆ ಬೂದಿಯಂಥ ಬಿಳಿ ಪೊರೆ ಉಳಿಯುತ್ತದೆ. ಇದೇ ‘ಸವಳು-ಜವಳು’. ಮೊದಲು ಸುಳಿ ಹಳದಿಯಾಗುತ್ತದೆ, ಆಮೇಲೆ ಇಳುವರಿ ಕುಸಿಯುತ್ತದೆ, ಕೊನೆಗೆ ಬಳ್ಳಾರಿಜಾಲಿ ಬಿಟ್ಟರೆ ಬೇರೇನೂ ಏಳುವುದಿಲ್ಲ. ಹನಿ ನೀರಾವರಿ ಹೊಸ ಹೊಲವನ್ನು ಕಾಯಬಲ್ಲದು. ಕೆಟ್ಟ ಹೊಲಕ್ಕೆ ಮಾತ್ರ ನೆಲದಡಿ ತೂತಿನ ಪೈಪು ಹೂಳುವ ಬಸಿಗಾಲುವೆಯೇ ಬೇಕು. ಅದರ ನೀರು ಹಳ್ಳ ಸೇರಲು ಕೆಳಗಿನವರ ಹೊಲ ದಾಟಬೇಕು, ಅವರು ಒಪ್ಪಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು. ತನ್ನ ಹೊಲ ಇನ್ನೂ ಚೆನ್ನಾಗಿರುವ ರೈತ ಸಾಮಾನ್ಯವಾಗಿ ಇದಕ್ಕೆ ಮುಂದೆ ಬರುವುದಿಲ್ಲ.