ಉಳಿಯ ಮೊನೆಯ ಮೇಲೊಂದು ಹನಿ

ಕಮ್ಮಾರನ ಕುಲುಮೆಯ ಬಳಿ ಎರಡು ವಸ್ತುಗಳು ತಪ್ಪದೆ ಇರುತ್ತವೆ: ಗಾಳಿಯೂದುವ ತಿದಿ, ಕಾದ ಕಬ್ಬಿಣವನ್ನು ಅದ್ದುವ ನೀರಿನ ಬಾನಿ. ಒಂದು ಬಿಸಿಯನ್ನು ಹೆಚ್ಚಿಸುವುದಕ್ಕೆ, ಮತ್ತೊಂದು ಅದನ್ನು ಅಡಗಿಸುವುದಕ್ಕೆ. ಈಗ ಮನೆಯ ಮೂಲೆಯಲ್ಲಿ ಚಿಕ್ಕದೊಂದು ಮಿಲ್ಲಿಂಗ್ ಯಂತ್ರವನ್ನಿಟ್ಟುಕೊಂಡ ಹವ್ಯಾಸಿಯೊಬ್ಬನು ತನ್ನ ಕೈಯಾರೆ ಮಾಡಿಕೊಳ್ಳುವ ತುಂತುರು ಸಾಧನದಲ್ಲಿ ಇವೆರಡೂ ಒಂದೇ ಕೊಳವೆಯ ಬಾಯಲ್ಲಿ ಕೂಡುತ್ತವೆ. ಗಾಳಿಯೇ ನೀರನ್ನು ಹೊತ್ತು ತಂದು ಕೊಯ್ಯುವ ಅಲಗಿನ ಮೇಲೆ ಚಿಮುಕಿಸುತ್ತದೆ. ನೋಡುವುದಕ್ಕೆ ಇದು ಆಟಿಕೆಯಂತಿದ್ದರೂ ಇದರ ಹಿಂದೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆ ಬೆಂಗಳೂರಿನ ದಂಡಿನ ಪೂರ್ವದಿಕ್ಕಿನಲ್ಲಿಯೂ ಹಾದುಹೋಗಿದೆ.

ಲೋಹವನ್ನು ಕೊಯ್ದರೆ ಬಿಸಿ ಹುಟ್ಟುತ್ತದೆಂಬುದು ಎಲ್ಲ ಕಸಬುದಾರರಿಗೂ ತಿಳಿದ ವಿಷಯ. ಎಷ್ಟು ಬಿಸಿಯೆಂಬುದನ್ನು ಅಳೆದು ತೋರಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ಕೌಂಟ್ ರಮ್‌ಫೋರ್ಡ್. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿಗಳ ಒಳಗೊಳವೆಯನ್ನು ಕೊರೆಯುತ್ತಿದ್ದಾಗ ಏಳುವ ಶಾಖವನ್ನು ಕಂಡು ಅವನು ಬೆರಗಾದನು. ಬೇಕೆಂದೇ ಮೊಂಡಾದ ಬೈರಿಗೆಯನ್ನು ತೆಗೆದುಕೊಂಡು, ಲೋಹದ ಸುತ್ತ ನೀರು ತುಂಬಿದ ಪೆಟ್ಟಿಗೆಯನ್ನು ಕಟ್ಟಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿದನು. ಎರಡೂವರೆ ಗಂಟೆಯಲ್ಲಿ, ಬೆಂಕಿಯ ಸೋಂಕೇ ಇಲ್ಲದೆ, ನೀರು ಕುದಿಯಿತು. ೧೭೯೮ರಲ್ಲಿ ಅವನು ಈ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಶಾಖವೆಂಬುದು ಒಂದು ದ್ರವ್ಯವಲ್ಲ, ಚಲನೆಯ ರೂಪವೆಂಬ ಸಿದ್ಧಾಂತಕ್ಕೆ ಇದು ದೊಡ್ಡ ಆಧಾರವಾಯಿತು. ಕಾರ್ಖಾನೆಯವನಿಗೆ ಬೇಕಾದ ಪಾಠ ಇನ್ನೂ ಸರಳ: ಉಳಿ ಮೊಂಡಾದಷ್ಟೂ ಬಿಸಿ ಹೆಚ್ಚು, ಬಿಸಿ ಹೆಚ್ಚಿದಷ್ಟೂ ಉಳಿ ಮೊಂಡು.

ಈ ವಿಷಚಕ್ರವನ್ನು ಮುರಿಯಲು ನೀರನ್ನು ಲೆಕ್ಕಾಚಾರದಿಂದ ಬಳಸಿದವನು ಅಮೆರಿಕದ ಫ್ರೆಡರಿಕ್ ಟೇಲರ್. ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ೧೮೮೦ರಲ್ಲಿ ಆರಂಭಿಸಿದ ಪ್ರಯೋಗಗಳನ್ನು ಅವನು ಇಪ್ಪತ್ತಾರು ವರ್ಷ ನಡೆಸಿ, ೧೯೦೬ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಅಧ್ಯಕ್ಷನಾಗಿ ಲೋಹ ಕೊಯ್ಯುವ ಕಲೆಯನ್ನು ಕುರಿತು ದೀರ್ಘ ಪ್ರಬಂಧವನ್ನು ಓದಿದನು. ಉಳಿಯು ಲೋಹವನ್ನು ಸುಲಿಯುವ ಸ್ಥಳಕ್ಕೇ ನೀರನ್ನು ಧಾರೆಯಾಗಿ ಸುರಿದರೆ ಯಂತ್ರದ ವೇಗವನ್ನು ನೂರಕ್ಕೆ ೩೦ರಿಂದ ೪೦ರಷ್ಟು ಹೆಚ್ಚಿಸಬಹುದೆಂದು ಅವನು ಕಂಡುಕೊಂಡಿದ್ದನು. ಯಂತ್ರಗಳಿಗೆ ತುಕ್ಕು ಹಿಡಿಯದಂತೆ ನೀರಿಗೆ ಸೋಡಾ ಕರಗಿಸಿ, ಒಂದೊಂದು ಯಂತ್ರದ ಕೆಳಗೂ ತಟ್ಟೆಯಿಟ್ಟು, ಹರಿದ ನೀರನ್ನು ನೆಲದಡಿಯ ತೊಟ್ಟಿಗೆ ಸೇರಿಸಿ ಮತ್ತೆ ಮೇಲಕ್ಕೇರಿಸುವ ಏರ್ಪಾಡೂ ಅಲ್ಲಿ ಆಯಿತು. ಮುಂದೆ ಲೋಕದ ಕಾರ್ಖಾನೆಗಳಲ್ಲೆಲ್ಲ ಹರಿದ, ಎಣ್ಣೆ ಬೆರೆತು ಹಾಲಿನ ಬಣ್ಣಕ್ಕೆ ತಿರುಗಿದ ಆ ನೀರಿನ ಹುಟ್ಟು ಇಂಥ ಪ್ರಯತ್ನಗಳಲ್ಲಿದೆ.

ಬೆಂಗಳೂರಿಗೆ ಈ ನೀರು ಬಂದ ದಾರಿಯನ್ನು ನೋಡೋಣ. ೧೮೦೯ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ದಂಡನ್ನು ನೆಲೆಗೊಳಿಸಿದ ಮೇಲೆ, ಪೇಟೆಯ ನೇಕಾರಿಕೆಗೂ ವ್ಯಾಪಾರಕ್ಕೂ ಭಿನ್ನವಾದ ಬೇರೊಂದು ಬಗೆಯ ಊರು ಇಲ್ಲಿ ಬೆಳೆಯಿತು. ಹಲಸೂರು ಕೆರೆಯ ಬಳಿಯಲ್ಲಿ ಮದರಾಸು ಸ್ಯಾಪರ್ಸ್ ದಳ ನೆಲೆಯೂರಿತು. ಸೇತುವೆ ಕಟ್ಟುವುದು, ರಸ್ತೆ ಹಾಕುವುದು ಇವರ ವೃತ್ತಿ. ಆದರೆ ಲೋಹವನ್ನು ಕೂದಲೆಳೆಯ ಅಳತೆಗೆ ಕೊಯ್ಯುವ ದೊಡ್ಡ ಉದ್ಯಮ ಪೂರ್ವಕ್ಕೆ ಬಂದದ್ದು ೧೯೪೦ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧದ ನಡುವೆ, ೧೯೪೩ರಲ್ಲಿ, ಕಾರ್ಖಾನೆ ಅಮೆರಿಕದ ಸೈನ್ಯದ ವಾಯುಪಡೆಯ ಆಡಳಿತಕ್ಕೆ ಸೇರಿ ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಯಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪಿಸಿದ ಎಚ್.ಟಿ.-೨ ತರಬೇತಿ ವಿಮಾನ ೧೯೫೧ರ ಆಗಸ್ಟಿನಲ್ಲಿ ಇಲ್ಲಿಂದಲೇ ಮೊದಲ ಬಾರಿ ಹಾರಿತು.

ವಿಮಾನವೆಂದರೆ ಅಲ್ಯೂಮಿನಿಯಂ. ಈ ಲೋಹ ಮೆದುವಾದರೂ ಕೊಯ್ಯುವುದಕ್ಕೆ ಒಂದು ತೊಡಕುಂಟು. ಬಿಸಿಯೇರಿದರೆ ಅದು ಬೆಲ್ಲದ ಪಾಕದಂತೆ ಅಂಟಾಗಿ ಅಲಗಿನ ಹಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ. ಹಲ್ಲುಗಳ ನಡುವಣ ಸಂದು ತುಂಬಿದ ಕೂಡಲೇ ಅಲಗು ಮುರಿಯುತ್ತದೆ. ಆದಕಾರಣ ಇಲ್ಲಿ ನೀರಿಗೆ ಮೂರು ಕೆಲಸ: ತಣಿಸುವುದು, ಜಾರಿಸುವುದು, ಚೂರುಗಳನ್ನು ದೂರ ತಳ್ಳುವುದು. ಉಕ್ಕಿನ ಕೆಲಸದಲ್ಲಿಯೂ ಈ ಮೂರು ಬೇಕು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ಐ.ಟಿ.ಐ., ೧೯೫೬ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್., ೧೯೬೪ರಲ್ಲಿ ಬಿ.ಇ.ಎಂ.ಎಲ್. ಹುಟ್ಟಿದವು. ಊರಿನ ಮತ್ತೊಂದು ದಿಕ್ಕಿನಲ್ಲಿ, ಜಾಲಹಳ್ಳಿಯಲ್ಲಿ, ೧೯೫೩ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಯಂತ್ರಗಳನ್ನು ಮಾಡುವ ಯಂತ್ರಗಳನ್ನೇ ತಯಾರಿಸತೊಡಗಿತು. ಎನ್.ಜಿ.ಇ.ಎಫ್. ೨೦೦೨ರಲ್ಲಿ ಮುಚ್ಚಿತು. ಆದರೆ ಇಂದಿರಾನಗರದ ಒಂದು ಭಾಗವನ್ನು ಈಗಲೂ ‘ಎಚ್.ಎ.ಎಲ್. ಎರಡನೆಯ ಹಂತ’ ಎಂದೇ ವಿಳಾಸದಲ್ಲಿ ಬರೆಯುತ್ತಾರೆ. ಕಾರ್ಖಾನೆಯು ಹೆಸರಿನ ಜೊತೆಗೆ ಕೈಕೆಲಸದ ಅಭಿರುಚಿಯನ್ನೂ ನೆರೆಹೊರೆಗೆ ಹಂಚುತ್ತದೆಂದರೆ ತಪ್ಪಾಗಲಾರದು.

ಈಗ ಮನೆಯ ಯಂತ್ರಕ್ಕೆ ಬರೋಣ. ಕಾರ್ಖಾನೆಯ ಧಾರೆಯನ್ನು ಮನೆಯೊಳಗೆ ಹರಿಸುವಂತಿಲ್ಲ. ತೊಟ್ಟಿ ಬೇಕು, ಪಂಪು ಬೇಕು, ಸುತ್ತಲೂ ಮರೆ ಬೇಕು. ಇಲ್ಲವಾದರೆ ನೆಲವೆಲ್ಲ ಕೆಸರು. ನಿಂತ ನೀರು ಕೆಲವು ದಿನಗಳಲ್ಲಿ ಕೊಳೆತು ನಾರುತ್ತದೆ. ಆದ್ದರಿಂದ ಹವ್ಯಾಸಿ ತುಂತುರಿನ ಮೊರೆ ಹೊಗುತ್ತಾನೆ. ಇದರ ತತ್ತ್ವವೂ ಹಳೆಯದೇ. ಇಕ್ಕಟ್ಟಾದ ಜಾಗದಲ್ಲಿ ಹರಿಯುವ ದ್ರವದ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆಂಬುದನ್ನು ಇಟಲಿಯ ವೆಂಚೂರಿ ೧೭೯೭ರಲ್ಲಿ ಪ್ರಕಟಿಸಿದನು. ಗಾಳಿಗೂ ಇದು ಸಲ್ಲುತ್ತದೆ. ರಭಸದ ಗಾಳಿಯ ಬಾಯಿಗೆ ಸಣ್ಣ ಕೊಳವೆಯೊಂದನ್ನು ಹಿಡಿದರೆ ಕೆಳಗಿನ ಸೀಸೆಯ ನೀರು ತಾನಾಗಿ ಮೇಲೇರಿ ಹನಿಹನಿಯಾಗಿ ಒಡೆಯುತ್ತದೆ. ಅಮೆರಿಕದ ವೈದ್ಯ ಡಿವಿಲ್ಬಿಸ್ ೧೯ನೆಯ ಶತಮಾನದ ಕೊನೆಯಲ್ಲಿ ಗಂಟಲಿಗೆ ಔಷಧಿ ಚಿಮುಕಿಸಲು ಮಾಡಿದ ಉಪಕರಣ, ಅವನ ಮಗನ ಕೈಯಲ್ಲಿ ಬಣ್ಣ ಹೊಡೆಯುವ ಪಿಚಕಾರಿಯಾಯಿತು. ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪು ಅದೇ ಕುಲದ್ದು. ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಯ ಮೇಲೆ ‘ಫೂ’ ಎಂದು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದ ನಮ್ಮ ಅಗಸರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸಾಮಾನುಗಳೂ ದುರ್ಲಭವಲ್ಲ. ಗಾಳಿಗೆ ಒಂದು ಸಣ್ಣ ಕಂಪ್ರೆಸರ್, ಒತ್ತಡವನ್ನು ತಗ್ಗಿಸುವ ಒಂದು ರೆಗ್ಯುಲೇಟರ್, ನೀರಿಗೆ ಒಂದು ಸೀಸೆ, ಹನಿಯನ್ನು ಅಳೆದು ಬಿಡಲು ಸೂಜಿಯಂಥ ಮೊನೆಯುಳ್ಳ ಒಂದು ವಾಲ್ವ್, ತುದಿಗೆ ಹಿತ್ತಾಳೆಯ ಒಂದು ನಳಿಗೆ: ಇಷ್ಟೇ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಸಣ್ಣ ಕೊಳವೆಗಳನ್ನೂ ತಿರುಪುಗಳನ್ನೂ ಹುಡುಕಿ ಹೊಂದಿಸುವುದೇ ಇಂಥವರಿಗೆ ಅರ್ಧ ಸಂತೋಷ. ಇಷ್ಟು ಕಡಿಮೆ ನೀರು ಹೇಗೆ ಸಾಕಾಗುತ್ತದೆಂದು ಕೇಳಬಹುದು. ಒಂದು ಗ್ರಾಂ ನೀರನ್ನು ೨೫ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ೭೫ ಕ್ಯಾಲರಿ ಶಾಖ ಬೇಕು. ಅದನ್ನೇ ಆವಿಯಾಗಿಸಲು ಸುಮಾರು ೫೪೦ ಕ್ಯಾಲರಿ. ಹರಿದುಹೋಗುವ ನೀರಿಗಿಂತ ಆವಿಯಾಗಿ ಹೋಗುವ ನೀರು ತನ್ನ ತೂಕಕ್ಕೆ ಅನೇಕ ಪಟ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವುದೂ ಇದೇ ನ್ಯಾಯದಿಂದ. ಚೂರುಗಳನ್ನು ತಳ್ಳುವ ಕೆಲಸವನ್ನು ಗಾಳಿ ವಹಿಸಿಕೊಳ್ಳುತ್ತದೆ.

ಇಲ್ಲಿಯವರೆಗೆ ಎಲ್ಲವೂ ಲಾಭವೇ. ನಷ್ಟದ ಪುಟವನ್ನೂ ತಿರುವಬೇಕು. ಈ ಚರಿತ್ರೆಯ ಬಹುಪಾಲು ಕಾಲದಲ್ಲಿ ಜನರು ಎಣಿಸಿದ್ದು ಉಳಿಯ ಆಯುಸ್ಸನ್ನು. ಉಳಿಯ ಮುಂದೆ ನಿಂತವನ ಆಯುಸ್ಸಿನ ಸರದಿ ಬಹಳ ತಡವಾಗಿ ಬಂದಿತು. ಲಂಕಾಷೈರಿನ ಹತ್ತಿ ಗಿರಣಿಗಳಲ್ಲಿ ಕದಿರುಗಳಿಂದ ಸಿಡಿಯುವ ಖನಿಜ ತೈಲ ನೂಲುವವರ ಬಟ್ಟೆಯನ್ನು ತೋಯಿಸಿ, ವರ್ಷಗಳ ಮೇಲೆ ಚರ್ಮದ ಕ್ಯಾನ್ಸರಾಗಿ ತೋರಿತು. ಅದನ್ನು ತಡೆಯುವ ವಿಶೇಷ ನಿಯಮಗಳು ಬ್ರಿಟನ್ನಿನಲ್ಲಿ ಬಂದದ್ದು ೧೯೫೩ರಲ್ಲಿ. ಯಂತ್ರಗಳ ತಣಿಸುನೀರಿನ ಮಂಜು ಉಸಿರಿನೊಡನೆ ಒಳಹೊಕ್ಕು ಕೆಮ್ಮನ್ನೂ ಉಬ್ಬಸವನ್ನೂ ತರುತ್ತದೆಂಬುದು ಇನ್ನೂ ತಡವಾಗಿ ದೃಢಪಟ್ಟಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ೧೯೯೮ರಲ್ಲಿ, ಒಂದು ಘನಮೀಟರ್ ಗಾಳಿಯಲ್ಲಿ ಇಂಥ ಮಂಜು ಒಟ್ಟು ಅರ್ಧ ಮಿಲಿಗ್ರಾಮನ್ನು ಮೀರಬಾರದೆಂದು ಸಲಹೆ ಮಾಡಿತು.

ಹಾಗೆಂದು ಹನಿಯೇ ಉಸಿರಿನ ವೈರಿಯೆನ್ನುವಂತಿಲ್ಲ. ಕೃಷ್ಣರಾಜಪುರದ ಮೇಲೆ ಪೂರ್ವಕ್ಕೆ ಹೋಗುವ ರೈಲಿನಲ್ಲಿ ಬಂಗಾರಪೇಟೆಯವರೆಗೆ ಹೋದರೆ ಕೋಲಾರದ ಚಿನ್ನದ ಗಣಿಗಳು ಹತ್ತಿರ. ಅಲ್ಲಿ ೧೯೪೦ರಿಂದ ೪೬ರವರೆಗೆ ನಡೆದ ಪರೀಕ್ಷೆಯಲ್ಲಿ ೭,೬೫೩ ಕೆಲಸಗಾರರ ಪೈಕಿ ೩,೪೦೨ ಮಂದಿಗೆ, ಎಂದರೆ ನೂರಕ್ಕೆ ೪೪ಕ್ಕೂ ಮೀರಿ, ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಂಡುಬಂದಿತು. ಬಂಡೆ ಕೊರೆಯುವಾಗ ನೀರು ಬಿಟ್ಟು ಧೂಳನ್ನು ಅಲ್ಲಿಯೇ ಅಡಗಿಸುವುದು ಲೋಕದ ಗಣಿಗಳಲ್ಲೆಲ್ಲ ಈ ರೋಗಕ್ಕೆ ಮುಖ್ಯ ತಡೆ. ಗಣಿಯಲ್ಲಿ ನೀರು ಧೂಳನ್ನು ನೆಲಕ್ಕಿಳಿಸಿ ಉಸಿರನ್ನು ಕಾಯುತ್ತದೆ; ಯಂತ್ರದ ಮುಂದೆ ಅದೇ ನೀರು ಎಣ್ಣೆಯನ್ನು ಗಾಳಿಗೇರಿಸಿ ಉಸಿರನ್ನು ಕೆಡಿಸಬಲ್ಲುದು. ಎರಡಕ್ಕೂ ಇರುವ ಅಂತರ ಹನಿಯ ಗಾತ್ರದಲ್ಲಿದೆ, ಅದರಲ್ಲಿ ಬೆರೆತ ವಸ್ತುವಿನಲ್ಲಿದೆ.

ನಮ್ಮ ಭಾಷೆಯಲ್ಲಿ ಈ ಭೇದಕ್ಕೆ ಮೊದಲೇ ಮಾತುಗಳುಂಟು. ತುಂತುರು ನೆಲಕ್ಕೆ ಬೀಳುತ್ತದೆ. ಮಂಜು ಗಾಳಿಯಲ್ಲಿ ತೇಲುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಚಿಕ್ಕದಾದ ಹನಿ ಬೇಗ ಇಳಿಯದು. ಉಸಿರಿನೊಡನೆ ಎದೆಯ ಆಳಕ್ಕೆ ಹೋಗಬಲ್ಲುದು. ಗಾಳಿಯ ಒತ್ತಡ ಹೆಚ್ಚಿದಷ್ಟೂ ಹನಿ ನುಣುಪಾಗುತ್ತದೆ. ಆದ್ದರಿಂದ ಮನೆಯಲ್ಲಿ ಈ ಸಾಧನವನ್ನು ಕಟ್ಟುವವನು ಗಾಳಿಯನ್ನು ತಗ್ಗಿಸಿ, ನಳಿಗೆಯನ್ನು ಅಲಗಿನ ಸಮೀಪಕ್ಕೆ ತಂದು, ಕಣ್ಣಿಗೆ ಕಾಣುವ ಮಂಜು ಏಳದಂತೆ ಹನಿಯನ್ನು ದಪ್ಪವಾಗಿಡಬೇಕು. ಕಿಟಕಿ ತೆರೆದಿರಬೇಕು, ಹೊರಕ್ಕೆಳೆಯುವ ಫ್ಯಾನಿದ್ದರೆ ಮತ್ತೂ ಒಳ್ಳೆಯದು. ಸೀಸೆಯ ನೀರನ್ನು ಹಳಸಲು ಬಿಡಬಾರದು. ಅಲ್ಯೂಮಿನಿಯಂ ಕೊಯ್ಯಲು ಸೀಮೆಎಣ್ಣೆಯನ್ನು ಸವರುವ ರೂಢಿಯುಂಟು. ಅದನ್ನು ಮಾತ್ರ ಈ ಸೀಸೆಗೆ ಹಾಕಲೇಬಾರದು. ತುಂತುರಾಗಿ ಗಾಳಿಯಲ್ಲಿ ಹರಡಿದ ಸೀಮೆಎಣ್ಣೆಗೆ ಒಂದು ಕಿಡಿ ಸಾಕು.

ದೊಡ್ಡ ಕಾರ್ಖಾನೆಯಲ್ಲಿ ಉಳಿ ಒಬ್ಬರದು, ಉಸಿರು ಮತ್ತೊಬ್ಬರದು. ಉಳಿ ಸವೆದರೆ ಅದರ ಬೆಲೆ ಆ ತಿಂಗಳ ಲೆಕ್ಕದಲ್ಲೇ ಕಾಣುತ್ತಿತ್ತು. ಉಸಿರು ಸವೆದದ್ದು ಇಪ್ಪತ್ತು ವರ್ಷಗಳ ಮೇಲೆ, ಬೇರೊಂದು ಮನೆಯಲ್ಲಿ, ಯಾವ ಲೆಕ್ಕಕ್ಕೂ ಸೇರದೆ ಕಾಣುತ್ತಿತ್ತು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕೆಂಬ ಅರಿವು ಬರಲು ಕಾನೂನುಗಳೂ ತಲೆಮಾರುಗಳೂ ಬೇಕಾದವು. ಮನೆಯ ಯಂತ್ರದ ಮುಂದೆ ನಿಂತವನಿಗೆ ಆ ಅನುಕೂಲ ತಾನಾಗಿಯೇ ದೊರೆತಿದೆ. ಯಜಮಾನನೂ ಅವನೇ, ಆಳೂ ಅವನೇ; ಉಳಿಯೂ ಅವನದೇ, ಉಸಿರೂ ಅವನದೇ. ವಾಲ್ವಿನ ತಿರುಪನ್ನು ಎಷ್ಟು ತಿರುವಬೇಕೆಂಬುದನ್ನು ಅವನು ಈ ಎರಡನ್ನೂ ನೋಡಿಯೇ ನಿಶ್ಚಯಿಸಲಿ.