ಪಾಳು, ಹಾಳು, ಬೇಚರಾಕ್

ಜನರು ಬಿಟ್ಟುಹೋದ ನೆಲೆಗೆ ಹಳಗನ್ನಡದಲ್ಲಿದ್ದ ಶಬ್ದ ‘ಪಾೞ್’. ತಮಿಳಿನಲ್ಲಿ ಅದು ಹಾಗೆಯೇ ಉಳಿದಿದೆ; ತೆಲುಗಿನಲ್ಲಿ ‘ಪಾಡು’ ಆಗಿದೆ. ಕನ್ನಡದಲ್ಲಿ ೞಕಾರವು ಳಕಾರವಾಗಿ, ಪದಾದಿಯ ಪಕಾರವು ಹಕಾರವಾಗಿ ‘ಹಾಳು’ ಎಂಬ ರೂಪ ಬಂದಿತು. ಆದರೆ ‘ಪಾಳು’ ಎಂಬುದೂ ಅಳಿಯಲಿಲ್ಲ. ರೂಪಗಳೆರಡೂ ಉಳಿದುದರಿಂದ ಅರ್ಥವೂ ಕವಲೊಡೆಯಿತು. ಹಾಲು ಹಾಳಾಗುತ್ತದೆ, ಪಾಳಾಗುವುದಿಲ್ಲ. ಗುಡಿ, ಬಾವಿ, ಹೊಲಗಳು ಪಾಳುಬೀಳುತ್ತವೆ. ಮೊದಲನೆಯದು ವಸ್ತುವಿನ ಕೇಡನ್ನು ಹೇಳಿದರೆ, ಎರಡನೆಯದು ಮನುಷ್ಯನ ಅಗಲಿಕೆಯನ್ನು ಹೇಳುತ್ತದೆ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯಲ್ಲಿ ಮಾತ್ರ ‘ಹಾಳು’ ತನ್ನ ಹಳೆಯ ಅರ್ಥವನ್ನೇ ಕಾಪಾಡಿಕೊಂಡಿದೆ.

ಕಂದಾಯ ದಾಖಲೆಗಳು ಜನವಸತಿಯಿಲ್ಲದ ಗ್ರಾಮವನ್ನು ‘ಬೇಚರಾಕ್’ ಎನ್ನುತ್ತವೆ. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪವಿಲ್ಲದ ಊರಿಗೂ ಹೆಸರು, ಗಡಿ, ಸರ್ವೆ ನಂಬರುಗಳಿರುತ್ತವೆ.

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಯ ಊರು. ಮೇವು ನೀರನ್ನರಸಿ ಹಟ್ಟಿ ಬದಲಿಸುತ್ತ ಬಂದ ಪಶುಪಾಲಕರಿಗೆ ಬಿಟ್ಟ ನೆಲೆ ಕೆಟ್ಟ ನೆಲೆಯಲ್ಲ. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೂ ಇದನ್ನೇ ಸಾರುತ್ತದೆ. ಅಲ್ಲಿಯ ಅಶೋಕನ ಶಾಸನವು ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದ್ದು. 1892ರಲ್ಲಿ ಬಿ. ಎಲ್. ರೈಸ್ ಆ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಆ ಪ್ರಾಚೀನ ನೆಲೆ ಪಾಳುಬಿದ್ದಿತ್ತು, ಹಾಳಾಗಿರಲಿಲ್ಲ. ಸಾಕ್ಷ್ಯವೆಲ್ಲ ಮಣ್ಣಿನೊಳಗೆ ಉಳಿದಿತ್ತು.

ಈ ವ್ಯತ್ಯಾಸ ನಿಘಂಟಿಗಷ್ಟೇ ಸೇರಿದ್ದಲ್ಲ. ಪಾಳುಬಿದ್ದ ಗುಡಿಯನ್ನು ಹಾಳಾದ ಗುಡಿ ಎಂದು ಬಗೆದೊಡನೆ, ಅದರ ಕಲ್ಲು ಕೀಳಲು ಕೈ ಹಿಂಜರಿಯದು.