ಬೇಟೆನಾಯಿಯ ಕುರಿತು ಅದೀ(ರ)ಯವರ ಪ್ರಶ್ನೆ

ದಾನಕ್ಕೆ ಹೆಸರಾದ ಹಾತಿಮ್ ತಾಈಯ ಕಥೆ ನಾವೆಲ್ಲ ಕೇಳಿದ್ದೇವೆ. ಆತನ ಮಗ ಅದೀ(ರ) ಇಸ್ಲಾಮ್ ಸ್ವೀಕರಿಸಿದ ಸಹಾಬಿ. ಅವರ ತಯ್ಯ್ ಗೋತ್ರದವರು ಉತ್ತರ ಅರೇಬಿಯಾದವರು. ಆ ಬಯಲಿನಲ್ಲಿ ಜಿಂಕೆಯನ್ನು ಓಡಿ ಹಿಡಿಯುವುದು ಮನುಷ್ಯನಿಂದಾಗದು. ಸಪೂರ ಮೈಯ, ಉದ್ದ ಕಾಲಿನ ಸಲೂಕಿ ನಾಯಿ ಮಾತ್ರ ಕಣ್ಣಳತೆಯಲ್ಲೇ ಗುರಿಯಿಟ್ಟು ಬೆನ್ನಟ್ಟುತ್ತದೆ. ನಾಯಿ ಕೊಂದದ್ದು ಹಲಾಲೇ ಎಂದು ಅದೀ(ರ) ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಮನೆಯ ಒಲೆಗೆ ಸಂಬಂಧಿಸಿದ ಪ್ರಶ್ನೆಯದು.

ಪಳಗಿದ ನಾಯಿಯನ್ನು ಅಲ್ಲಾಹನ ನಾಮ ಹೇಳಿ ಬಿಟ್ಟಿದ್ದರೆ ತಿನ್ನಬಹುದೆಂದು ಉತ್ತರ ಬಂತು. ನಾಯಿ ತಾನೇ ಬಾಯಿ ಹಾಕಿ ತಿಂದಿದ್ದರೆ ಬೇಡ, ಅದು ತನಗಾಗಿ ಹಿಡಿದಿರಬಹುದು. ಬೇರೆ ನಾಯಿ ಜೊತೆ ಸೇರಿದ್ದರೂ ಬೇಡ, ಬಿಸ್ಮಿಲ್ಲಾಹ್ ಹೇಳಿದ್ದು ನಿಮ್ಮ ನಾಯಿಗೆ ಮಾತ್ರ. ಹಸಿದ ಪ್ರಾಣಿ ಬಾಯಲ್ಲಿರುವ ಮಾಂಸವನ್ನು ಒಡೆಯನಿಗಾಗಿ ಕಾದಿಡಬೇಕು! ಅಲ್ ಮಾಇದಃದ 4ನೇ ವಚನದಂತೆ, ಬೇಟೆಗಾರ ಅದಕ್ಕೆ ಕಲಿಸುವುದು ಅಲ್ಲಾಹನು ತನಗೆ ಕಲಿಸಿದ್ದನ್ನೇ. ನಾಯಿ ಕಂಡೊಡನೆ ಕಲ್ಲೆತ್ತುವ ನಮ್ಮ ಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ? (ಜಿಂಕೆಯ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆಯಂತೆ ನಮ್ಮ ದೇಶದಲ್ಲಿ ಅದರ ಬೇಟೆ ಅಪರಾಧ.)

ಐದು ಶತಮಾನಗಳ ಬಳಿಕ ಸಿರಿಯಾದ ಶೈಝರ್ ಕೋಟೆಯ ಉಸಾಮಾ ಬಿನ್ ಮುನ್ಕಿಝ್ (1095-1188) ತಮ್ಮ ನೆನಪುಗಳನ್ನು ಬರೆದಿಟ್ಟರು. ಅವರ ತಂದೆಗೆ ಗಿಡುಗ ಮತ್ತು ನಾಯಿಗಳೆಂದರೆ ಪ್ರಾಣ. ಹಗಲು ಬೇಟೆ ಮುಗಿಸಿ ಬಂದ ಅದೇ ಕೈ, ರಾತ್ರಿ ದೀಪದಡಿ ಕುರ್‌ಆನ್‌ನ ಪ್ರತಿ ಬರೆಯುತ್ತಿತ್ತು.